ತಪ್ಪೆಲ್ಲ ಕಾಗದದ್ದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮರ್ವಿನ್ ಡಾಲ್ಝೀಲ್ ಕುಣಿಯುವವನಲ್ಲ (ಮಗಳ ಮದುವೆಯಲ್ಲಿ ಒಂದು ಸಲ ಕುಣಿದ, ಬೀಗರು ಇವತ್ತಿಗೂ ಆ ಮಾತೆತ್ತುವುದಿಲ್ಲ). ಅವನದೇನಿದ್ದರೂ ಕೋವಿ. ಅದೂ ಎಲ್ಲರಂಥ ಕೋವಿ ಹುಚ್ಚಲ್ಲ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುವ ತೋಟಾಗಳನ್ನು ಅವನು ಎಡಗೈಯಿಂದಲೂ ಮುಟ್ಟುವವನಲ್ಲ. ಹಾರಿಸಿ ಮುಗಿದ ತೋಟಾದ ಹಿತ್ತಾಳೆ ಚಿಪ್ಪುಗಳನ್ನು ಹೆಕ್ಕಿ ತಂದು, ತೊಳೆದು, ಒರೆಸಿ, ಅಕ್ಕಸಾಲಿಗನ ತಕ್ಕಡಿಯಂಥ ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗಿ ತುಂಬಿ, ಬಾಯಿಗೆ ಹೊಸ ಗುಂಡು ಕೂರಿಸಿ, ತನಗೆ ಬೇಕಾದ ತೋಟಾವನ್ನು ತಾನೇ ಮಾಡಿಕೊಳ್ಳುವ ಸ್ವಯಂಪಾಕಿ ಅವನು. ಮದ್ದು ತೂಗುವಾಗ ಹೆಂಡತಿ ನೋಲೀನ್ ಆ ಕೋಣೆಯ ಮುಂದೆ ಕೆಮ್ಮುವ ಹಾಗೂ ಇರಲಿಲ್ಲ.

ಇಷ್ಟು ಮಡಿಯಲ್ಲಿ ತಯಾರಾದ ತೋಟಾಗಳು ಕಾಗದದ ಮೇಲೆ ಎಂಥ ಪವಾಡ ಮಾಡಬೇಕು, ನೀವೇ ಹೇಳಿ. ನೂರು ಮೀಟರು ದೂರದ ಗುರಿಹಾಳೆಯಲ್ಲಿ ಐದು ತೂತೂ ಒಂದರ ಪಕ್ಕ ಒಂದು ಗೊಂಚಲಾಗಿ ಬೀಳಬೇಕು. ಈ ವಿದ್ಯೆಗೆ ಅದೇ ಪರೀಕ್ಷೆ, ಅದೇ ಪದವಿ. ಮರ್ವಿನ್‌ನ ತೂತುಗಳೋ, ಆಸ್ತಿ ಪಾಲಾದ ದಾಯಾದಿಗಳ ಹಾಗೆ ಮೂಲೆಗೊಂದು ಕೂರುತ್ತಿದ್ದವು. ಅವನು ಮದ್ದು ಬದಲಾಯಿಸಿದ. ಗುಂಡು ಬದಲಾಯಿಸಿದ. ಕನ್ನಡಕವನ್ನೂ ಬದಲಾಯಿಸಿದ. ಕೊನೆಗೆ, ಇನ್ನು ಬದಲಾಯಿಸಲು ಉಳಿದದ್ದು ತಾನೊಬ್ಬನೇ ಎಂಬ ಸ್ಥಿತಿ ಬಂದಾಗ, ಅವನಿಗೆ ಜ್ಞಾನೋದಯವಾಯಿತು.

"ತಪ್ಪು ತೋಟಾದ್ದಲ್ಲ ಕಣೇ, ಕೋವಿದೂ ಅಲ್ಲ," ಎಂದ ಬೆಳಗಿನ ಚಹಾದ ಹೊತ್ತಿನಲ್ಲಿ. "ಕಾಗದದ್ದು."

ನೋಲೀನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಕಾಗದ ಏನು ಮಾಡ್ತು ಪಾಪ? ಗುಂಡು ಬರ್ತಿದ್ದ ಹಾಗೆ ಪಕ್ಕಕ್ಕೆ ಸರೀತಾ?" ಎಂದಳು.

"ನಿಂಗೆ ಅರ್ಥ ಆಗಲ್ಲ. ಕೋವಿ ಕ್ಲಬ್ಬಿನ ಗುರಿಹಾಳೇಲಿ ನಡುವೆ ಒಂದು ದೊಡ್ಡ ಕಪ್ಪು ಬೊಟ್ಟು ಇರುತ್ತೆ. ಕೋವಿ ಮೇಲಿನ ದುರ್ಬೀನಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಅವೂ ಕಪ್ಪು. ಕಪ್ಪಿನ ಮೇಲೆ ಕಪ್ಪು ಇಟ್ಟರೆ ನಡು ಎಲ್ಲಿ ಅಂತ ದೇವರಿಗೂ ಗೊತ್ತಾಗಲ್ಲ. ಸರಿಯಾದ ಕಾಗದ ಸಿಗಲಿ, ಆಮೇಲೆ ನೋಡು."

"ನೋಡ್ತೀನಿ, ನೋಡ್ತೀನಿ. ಅದಕ್ಕೆ ಮುಂಚೆ ಇನ್ನೊಂದು ಕೇಳು. ಅಮ್ಮ ಚಳಿಗಾಲಕ್ಕೆ ಬರ್ತಾಳೆ. ಉತ್ತರದ ಬಿಸಿಲು ಕೋಣೆ ಅವಳಿಗೆ. ನಿನ್ನ ಸಾಮಾನೆಲ್ಲ ಹಿತ್ತಲ ತಗಡಿನ ಕೋಣೆಗೆ."

ಮರ್ವಿನ್‌ನ ಕೈಲಿದ್ದ ಚಹಾ ಅರ್ಧ ಸಾಸರಿಗೆ ಬಿತ್ತು. ಬಿಸಿಲು ಕೋಣೆ ಎಂದರೆ ಅವನ ಯಾಗಶಾಲೆ. ತಕ್ಕಡಿ, ಮದ್ದಿನ ಡಬ್ಬಿಗಳು, ಗುಂಡು ಕೂರಿಸುವ ಕಬ್ಬಿಣದ ಒತ್ತುಯಂತ್ರ, ಎಲ್ಲ ಇದ್ದದ್ದು ಅಲ್ಲೇ.

"ತಗಡಿನ ಕೋಣೆಗಾ? ಅಲ್ಲಿ ಗಾಳಿ ನುಗ್ಗುತ್ತೆ! ತಕ್ಕಡಿ ನಡುಗುತ್ತೆ!"

"ಅಮ್ಮನೂ ನಡುಗ್ತಾಳೆ. ವಯಸ್ಸೆಷ್ಟು ಅವಳಿಗೆ, ಗೊತ್ತಾ?"

"ಅಮ್ಮಂಗೆ ಕಂಬಳಿ ಹೊದಿಸಬಹುದು. ತಕ್ಕಡಿಗೆ ಹೊದಿಸೋಕಾಗುತ್ತಾ?"

ಈ ಮಾತಿಗೆ ಇನ್ನೊಬ್ಬಳಾಗಿದ್ದರೆ ಬೆಣ್ಣೆಚಾಕು ಎಸೆಯುತ್ತಿದ್ದಳು. ನೋಲೀನ್ ಎದ್ದು ಹೋಗಿ ಹೊಲಿಗೆಯ ಡಬ್ಬಿಯಿಂದ ಒಂದು ಕೋಟಿನ ಬಟನ್ ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. "ಇಷ್ಟು ವರ್ಷದಿಂದ ಬಾಗಿಲು ಹಾಕ್ಕೊಂಡು ಒಳಗೆ ಏನು ಮಾಡ್ತಿದ್ದೀಯ ಅಂತ ನನಗೂ ಒಂದು ಸಲ ಕಾಣಲಿ. ಕ್ಲಬ್ಬಿನ ದಿನ ಐದು ಗುಂಡು ಹೊಡಿ. ಐದು ತೂತೂ ಈ ಬಟನ್ ಕೆಳಗೆ ಮುಚ್ಚಿ ಹೋದರೆ ಕೋಣೆ ನಿಂದು, ಅಮ್ಮ ತಗಡಿನ ಕೋಣೆಗೆ. ಮುಚ್ಚದಿದ್ರೆ ನೀನು."

ಭೂಮಿಯ ಈ ದಕ್ಷಿಣ ತುದಿಯ, ಉತ್ತರದಿಂದ ಬಿಸಿಲು ಬರುವ ನಮ್ಮ ಮಾನಿಯೊಟೊಟೊ ಬಯಲಿನಲ್ಲಿ ಗಂಡುಜಿಂಕೆಗಳು ಬೆದೆಗೆ ಬಂದು ಕೂಗಲು ಶುರುಮಾಡುವುದಕ್ಕೆ ಒಂದು ವಾರ ಮುಂಚೆ, ಊರಿನ ಗಂಡಸರೆಲ್ಲ ಕೋವಿಯ ಗುರಿ ಸರಿ ನೋಡಿಕೊಳ್ಳುವ ದಿನವೇ ಕ್ಲಬ್ಬಿನ ದಿನ. ಅದಕ್ಕಿನ್ನೂ ಸಮಯವಿತ್ತು. ಮರ್ವಿನ್ ಪಂಥ ಒಪ್ಪಿಕೊಂಡ. ಸರಿ, ಗುರಿಹಾಳೆಯ ಮಹಾಸಂಶೋಧನೆ ಆರಂಭವಾಯಿತು.

ಮೊದಲು ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನೋಲೀನ್ ತಂದಿಟ್ಟಿದ್ದ ಬಿಳಿ ಕಾಗದದ ತಟ್ಟೆಗಳು ಮಾಯವಾದವು. ನಡುವೆ ಒಂದು ಕೆಂಪು ಚುಕ್ಕೆ ಇಟ್ಟು ಹೊಡೆದ. ಗಾಳಿಗೆ ತಟ್ಟೆ ಗಿರಗಿರ ತಿರುಗಿತು. ತಿರುಗುವ ತಟ್ಟೆಗೆ ಹೊಡೆಯಲು ತಾನೇನು ಸ್ವಯಂವರಕ್ಕೆ ಬಂದಿದ್ದೇನೆಯೇ ಎಂದು ಬೈದುಕೊಂಡು ವಾಪಸು ಬಂದ. ಆಮೇಲೆ ಜಿಂಕೆಯ ಚಿತ್ರವಿದ್ದ ದೊಡ್ಡ ಹಾಳೆ ತರಿಸಿದ. ಐದರಲ್ಲಿ ಎರಡು ಕೊಂಬಿಗೆ, ಒಂದು ಬಾಲಕ್ಕೆ, ಉಳಿದೆರಡು ಹಿಂದಿದ್ದ ಮರಕ್ಕೆ.

"ಈ ಜಿಂಕೆ ಸತ್ತಿಲ್ಲ, ಸಿಟ್ಟಾಗಿದೆ," ಎಂದಳು ನೋಲೀನ್.

"ಚಿತ್ರ ತುಂಬ ದೊಡ್ಡದು. ಎಲ್ಲಿ ನೋಡಬೇಕು ಅಂತ ಕಣ್ಣಿಗೇ ಗೊತ್ತಾಗಲ್ಲ," ಎಂದ ಮರ್ವಿನ್. ತಪ್ಪು ಮತ್ತೆ ಕಾಗದದ್ದೇ.

ಮೂರನೆಯದು ಅಡುಗೆಮನೆಯ ಕ್ಯಾಲೆಂಡರು. ಚೌಕಚೌಕವಾಗಿ ಗೆರೆ ಎಳೆದು ಸಿದ್ಧವಾಗಿರುವ ಹಾಳೆ, ಇದಕ್ಕಿಂತ ಇನ್ನೇನು ಬೇಕು! ಮುಂದಿನ ತಿಂಗಳ ಪುಟವನ್ನು ಸದ್ದಿಲ್ಲದೆ ಹರಿದುಕೊಂಡು ಹೋದ. ಸಂಜೆ ನೋಲೀನ್ ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ತಾಯಿ ಬರುವ ದಿನದ ಚೌಕದಲ್ಲಿ, 'ಅಮ್ಮ' ಎಂದು ಬರೆದಿದ್ದ ಕಡೆಯೇ, ಒಂದು ತೂತು ಬಿದ್ದಿತ್ತು.

"ಬೇಕಂತ ಹೊಡ್ದಿದ್ದೀಯ!"

"ಅಯ್ಯೋ ಮಾರಾಯ್ತಿ, ನಾನು ಇಟ್ಟ ಗುರಿ ಅದರ ಮೇಲಿನ ವಾರಕ್ಕೆ! ಬೇಕು ಅಂದ ಕಡೆ ಹೊಡೆಯೋಕೆ ಬಂದಿದ್ದರೆ ನಂಗ್ಯಾಕೆ ಈ ಗತಿ ಬರ್ತಿತ್ತು?"

ಇಷ್ಟು ಪ್ರಾಮಾಣಿಕವಾದ ಮಾತನ್ನು ಅವನು ಮದುವೆಯಾದ ಮೇಲೆ ಆಡಿದ್ದು ಅದೇ ಮೊದಲು. ನೋಲೀನ್ ನಂಬಿದಳು. ಆದರೆ ಎರಡು ದಿನ ಅವನ ಆಲೂಗಡ್ಡೆಗೆ ಉಪ್ಪು ಬೀಳಲಿಲ್ಲ.

ಪರಿಹಾರ ಸಿಕ್ಕಿದ್ದು ಇಸ್ಪೀಟಿನಲ್ಲಿ. ಪಕ್ಕದ ಮನೆಯ ಡೆಸ್ ಮತ್ತು ಅವನ ಹೆಂಡತಿ ಶುಕ್ರವಾರ ಆಟಕ್ಕೆ ಬರುತ್ತಿದ್ದರು. ಡೆಸ್ ಬೆಟ್ಟದಲ್ಲಿ ಕುರಿ ಅಟ್ಟುವವನು. ಈ ಗುಡ್ಡದಲ್ಲಿ ನಿಂತು ಆ ಗುಡ್ಡದ ನಾಯಿಯನ್ನು ಬೈಯುವ ಗಂಟಲು. ಮನೆಯೊಳಗೂ ಅದೇ ಗಂಟಲಲ್ಲಿ ಮಾತಾಡುತ್ತಿದ್ದ. ಅವನ ಕೋವಿ ಟ್ರಕ್ಕಿನಲ್ಲಿ ನಾಯಿಬಿಸ್ಕತ್ತಿನ ಚೀಲದ ಜೊತೆ ಮಲಗಿರುತ್ತಿತ್ತು. ವರ್ಷಕ್ಕೊಂದು ಸಲ ಅಂಗಡಿಯಿಂದ ಒಂದು ಡಬ್ಬಿ ತೋಟಾ ತರುತ್ತಿದ್ದ, ಜಿಂಕೆ ಹೊಡೆದು ತಿನ್ನುತ್ತಿದ್ದ, ಮರೆಯುತ್ತಿದ್ದ. ಮರ್ವಿನ್‌ಗೆ ಅವನ ಮೇಲೆ ಪ್ರೀತಿಯಿತ್ತು, ಅನಕ್ಷರಸ್ಥ ತಮ್ಮನ ಮೇಲೆ ಪಂಡಿತ ಅಣ್ಣನಿಗಿರುವಂಥ ಪ್ರೀತಿ.

ಆ ದಿನ ಮರ್ವಿನ್‌ನ ಕೈಗೆ ಡೈಮಂಡ್ ಎಕ್ಕ ಬಂತು. ಅವನು ಅದನ್ನು ಹಾಕಲಿಲ್ಲ. ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಒಂದು ಕಣ್ಣು ಮುಚ್ಚಿದ.

"ಆಡೋ!" ಎಂದು ನೋಲೀನ್ ಮೇಜಿನ ಕೆಳಗೆ ಒದ್ದಳು.

"ನಾಲ್ಕು ಮೂಲೆ!" ಎಂದು ಮರ್ವಿನ್ ಎದ್ದು ನಿಂತ. "ಮೂಲೆ ಮೇಲೆ ನಿಂತಿರೋ ಚೌಕ! ಉದ್ದಗೆರೆ ಮೇಲಿನ ಮೂಲೆಗೂ ಕೆಳಗಿನ ಮೂಲೆಗೂ, ಅಡ್ಡಗೆರೆ ಎಡಕ್ಕೂ ಬಲಕ್ಕೂ! ಕೂದಲಷ್ಟು ಆಚೀಚೆ ಆದ್ರೂ ಗೊತ್ತಾಗುತ್ತೆ! ಒಳಗೆ ಬಿಳಿ, ಸುತ್ತ ಕಿತ್ತಳೆ ಬಣ್ಣ! ಆಹಾ!"

ಆಟ ಸೋತರು. ನೋಲೀನ್ ಮುಖ ಕಪ್ಪಿಟ್ಟಿತು. ಮರ್ವಿನ್‌ಗೆ ಅದರ ಪರಿವೆಯೇ ಇಲ್ಲ, ಆಗಲೇ ದಿನಪತ್ರಿಕೆಯ ಅಂಚಿನಲ್ಲಿ ಡೈಮಂಡ್ ಬಿಡಿಸುತ್ತಿದ್ದ.

ಮಹಾಪುರುಷರ ತೊಂದರೆ ಇದೇ ನೋಡಿ: ಸತ್ಯ ಸಿಕ್ಕರೆ ಸುಮ್ಮನೆ ಜೇಬಿನಲ್ಲಿಟ್ಟುಕೊಳ್ಳುವುದಿಲ್ಲ, ಊರಿಗೆಲ್ಲ ಹಂಚುತ್ತಾರೆ. ಮರ್ವಿನ್ ಊರ ಗ್ರಂಥಾಲಯದ ಯಂತ್ರದಲ್ಲಿ ಕಿತ್ತಳೆ ಡೈಮಂಡುಗಳ ಒಂದು ಕಟ್ಟನ್ನೇ ಅಚ್ಚು ಹಾಕಿಸಿ ಕ್ಲಬ್ಬಿನ ದಿನ ಎಲ್ಲರಿಗೂ ಕೊಟ್ಟ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವುದು ಎಲ್ಲ ಊರಿನ ನೀತಿಯೇ ತಾನೆ. ಎಲ್ಲರೂ ಇಸಿದುಕೊಂಡು ಗುರಿಸಾಲಿನಲ್ಲಿದ್ದ ತಮ್ಮ ತಮ್ಮ ಮರದ ಚೌಕಟ್ಟಿಗೆ ಮೊಳೆ ಹೊಡೆದು ನೇತುಹಾಕಿದರು. ಮರ್ವಿನ್ ಅಲ್ಲಿಗೂ ನಿಲ್ಲಲಿಲ್ಲ. ಚೌಕಟ್ಟುಗಳ ನೆತ್ತಿಯಲ್ಲಿ ಒಂದು, ಎರಡು, ಮೂರು ಎಂದು ದೊಡ್ಡ ಅಂಕಿಗಳಿದ್ದವು. "ಕಣ್ಣು ಮೊದಲು ಅಂಕಿ ಮೇಲೆ ಹೋಗುತ್ತೆ, ಏಕಾಗ್ರತೆ ಹಾಳಾಗುತ್ತೆ," ಎಂದು ಪ್ರತಿಯೊಂದರ ಮೇಲೂ ಬಿಳಿ ಕಾಗದ ಅಂಟಿಸಿಬಿಟ್ಟ. ಕಾರ್ಯದರ್ಶಿ ಏನೋ ಹೇಳಲು ಬಂದ. ಡೈಮಂಡಿನ ತತ್ವದ ಮೇಲೆ ಉಪನ್ಯಾಸ ಶುರುವಾದದ್ದನ್ನು ಕಂಡು ಚಹಾ ಕುಡಿಯಲು ಹೋದ.

ಸಾಲಿನ ಬಲತುದಿಯ ಚೌಕಟ್ಟು ಡೆಸ್‌ನದು, ಅದರ ಪಕ್ಕದ್ದು ಮರ್ವಿನ್‌ನದು. ಮುಂದೆ ಯಾರೂ ಅನುಮಾನಪಡಬಾರದೆಂದು ತನ್ನ ಹಾಳೆಯ ಹಿಂದೆ ತನ್ನ ಹೆಸರನ್ನೂ ಬರೆದಿದ್ದ. ಬಂದು ಬೆಂಚಿಗೆ ಕೂತು ದುರ್ಬೀನಿಗೆ ಕಣ್ಣಿಟ್ಟ. ಬಿಳಿ ಬಯಲು, ನಡುವೆ ಕಿತ್ತಳೆ ಡೈಮಂಡು. ಬೇರೇನೂ ಇಲ್ಲ. ಅವನಿಗೆ ಆನಂದಬಾಷ್ಪ ಬಂದದ್ದೊಂದು ಬಾಕಿ.

"ಮರ್ವ್, ಎಲ್ಲ ಒಂದೇ ಥರ ಇದೆಯಲ್ಲೋ. ಇದರಲ್ಲಿ ನಂದು ಯಾವುದು?" ಎಂದು ಪಕ್ಕದ ಬೆಂಚಿನಿಂದ ಡೆಸ್ ಕೂಗಿದ.

"ಶ್! ನಾನು ಹೊಡೆಯೋದು ನೋಡ್ಕೊ. ಅದರ ಪಕ್ಕದ್ದು ನಿಂದು," ಎಂದ ಮರ್ವಿನ್, ದುರ್ಬೀನಿನಿಂದ ಕಣ್ಣು ತೆಗೆಯದೆ.

ಐದು ಗುಂಡು ಹಾರಿಸಿದ. ನಡುವೆ ತೂತು ನೋಡಲಿಲ್ಲ. ನೋಡಿದರೆ ಮನಸ್ಸು ಕೆಡುತ್ತದೆ ಎಂಬುದು ಅವನ ಇನ್ನೊಂದು ತತ್ವ. ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ ನಡೆದು ಹೋಗಿ ತನ್ನ ಹಾಳೆ ನೋಡಿದ. ಡೈಮಂಡಿನ ಹೊಟ್ಟೆಯಲ್ಲಿ ಒಂದೇ ಒಂದು ಹರಕು ತೂತು. ಐದೂ ಒಂದರ ಮೇಲೊಂದು ಬಿದ್ದು ಒಂದಾಗಿ ಹೋಗಿದ್ದವು. ಅವನು ಹಾಳೆಯನ್ನು ಎದೆಗವಚಿಕೊಂಡ. ಡೆಸ್ ತನ್ನ ಹಾಳೆಯನ್ನು ಕಿತ್ತು, ಒಂದು ಸಲ ನೋಡಿ, ಮುಖ ಸಿಂಡರಿಸಿ, ಸುರುಳಿ ಸುತ್ತಿ ಟ್ರಕ್ಕಿಗೆಸೆದ. ಇಂಥ ಹೊತ್ತಿನಲ್ಲಿ ಪರರ ದುಃಖ ಯಾರ ಕಣ್ಣಿಗೆ ಬೀಳುತ್ತದೆ?

ಮನೆಯಲ್ಲಿ ನೋಲೀನ್ ಬಟನ್ ಇಟ್ಟಳು. ಮುಚ್ಚಿಹೋಯಿತು. ಮೇಲಿನಿಂದ ನೋಡಿದಳು, ಪಕ್ಕದಿಂದ ನೋಡಿದಳು, ಹಾಳೆಯ ಹಿಂದಿನ ಹೆಸರು ಓದಿದಳು. "ಆಯ್ತು. ಗೆದ್ದೆ," ಎಂದಳು. ಆ ಎರಡು ಮಾತಿಗಾಗಿ ಮರ್ವಿನ್ ಮೂವತ್ತು ವರ್ಷ ಕಾದಿದ್ದ.

ಅತ್ತೆ ಆವಿಸ್ ಕ್ಲಬ್ಬಿನ ದಿನಕ್ಕೆ ಹಿಂದಿನ ದಿನವೇ ಬಂದಿಳಿದಿದ್ದರು. ಪುಣ್ಯಾತ್ಗಿತ್ತಿ, ಒಂದು ಮಾತು ಎದುರಾಡಲಿಲ್ಲ. ಬಿಸಿನೀರಿನ ಚೀಲ ಅಪ್ಪಿಕೊಂಡು ತಗಡಿನ ಕೋಣೆಗೆ ನಡೆದರು. ಬೆಳಿಗ್ಗೆ ಉಣ್ಣೆಟೋಪಿ, ಓವರ್‌ಕೋಟು, ಕೈಚೀಲ ಎಲ್ಲ ಹಾಕಿಕೊಂಡು ತಿಂಡಿಗೆ ಬಂದು ಕೂತರು.

"ನಿದ್ದೆ ಬಂತಾ ಆವಿಸ್?" ಎಂದು ಮರ್ವಿನ್ ಕೇಳಿದ. ಕೇಳದೆ ಇದ್ದಿದ್ದರೆ ಒಳ್ಳೆಯದಿತ್ತು.

"ಚೆನ್ನಾಗಿ ಬಂತಪ್ಪ. ಹಲ್ಲಿನ ಸೆಟ್ಟು ಮಾತ್ರ ಲೋಟದಲ್ಲೇ ಹೆಪ್ಪುಗಟ್ಟಿದೆ. ಗಂಜಿ ಇದ್ರೆ ಕೊಡು ನೋಲೀನ್, ಕರಗೋ ತನಕ."

ನೋಲೀನ್ ಗಂಡನ ಕಡೆ ನೋಡಿದ ನೋಟವನ್ನು ತೋಟಾದಲ್ಲಿ ತುಂಬಿದ್ದರೆ ಬೆಟ್ಟ ದಾಟಿ ಹೋಗುತ್ತಿತ್ತು. ಮರ್ವಿನ್ ತನ್ನ ಬಿಸಿ ಚಹಾವನ್ನು ಅತ್ತೆಯ ಕಡೆ ಸರಿಸಿದ್ದು ನಿಜ. ಆದರೆ ಕಣ್ಣೆತ್ತಿದರೆ ಗೋಡೆಯಲ್ಲಿ ಗಾಜುಹಾಕಿದ ಚೌಕಟ್ಟಿನಲ್ಲಿ ಗುರಿಹಾಳೆ! (ಆ ಚೌಕಟ್ಟಿನಲ್ಲಿ ಮೊದಲಿದ್ದದ್ದು ಮಗಳು-ಅಳಿಯನ ಮದುವೆ ಫೋಟೊ.) ವಿಜ್ಞಾನಕ್ಕಾಗಿ ಯಾರಾದರೂ ಒಬ್ಬರು ಚಳಿ ತಡೆಯಲೇಬೇಕು ಎಂದು ಸಮಾಧಾನ ಮಾಡಿಕೊಂಡ.

ಆ ವಾರದ ಕೊನೆಗೆ, ಭಾನುವಾರ ಮಧ್ಯಾಹ್ನ, ಕುರಿಮಾಂಸ ಬೆಂದು ಘಮಘಮಿಸುತ್ತಿದ್ದಾಗ ಡೆಸ್ ಬಂದ, ಕೈಯಲ್ಲಿ ಆ ಸುರುಳಿ.

"ಮರ್ವ್, ನಂಗೆ ನಿದ್ದೆ ಇಲ್ಲ ಕಣೋ. ನಾಡಿದ್ದು ಜಿಂಕೆಗೆ ಹೋಗಬೇಕು, ನನ್ನ ಕೋವಿಗೆ ಏನೋ ಬಡಿದಿದೆ. ಯಾವತ್ತೂ ಹೀಗಾಗಿರಲಿಲ್ಲ. ನೀನು ತಿಳಿದವನು, ಒಂಚೂರು ನೋಡು."

ಮರ್ವಿನ್ ಕನ್ನಡಕ ಏರಿಸಿದ. ಹಾಳೆಯನ್ನು ಮೇಜಿನ ಮೇಲೆ ಹರಡಿದ. ಹೆಂಡತಿ, ಅತ್ತೆ ಇಬ್ಬರೂ ಇದ್ದಾರೆ. ಹಬ್ಬದ ದಿನ ಪುರೋಹಿತನಿಗೆ ಬರುವಂಥ ಗಾಂಭೀರ್ಯ ಮುಖಕ್ಕೆ ಬಂತು.

"ಡೆಸ್, ಬೇಜಾರು ಮಾಡ್ಕೋಬೇಡ. ಇದು ಕೋವಿ ತಪ್ಪಲ್ಲ, ಕಾಗದದ ತಪ್ಪಂತೂ ಅಲ್ಲವೇ ಅಲ್ಲ. ಕಾಗದ ನಂದೇ. ಇದೋ, ಈ ತೂತು ಇಲ್ಲಿ ಕೆಳಗೆ ಬಿದ್ದಿದೆಯಲ್ಲ, ಹೊಡೆಯೋವಾಗ ನೀನು ಕೋವಿ ಕುದುರೇನ ಬೆರಳಲ್ಲಿ ಮೆಲ್ಲಗೆ ಎಳೆಯಲ್ಲ, ಕಿತ್ತುಬಿಡ್ತೀಯ. ಇದು ಬಲಕ್ಕೆ ಹೋಗಿದೆ, ಸದ್ದಿಗೆ ಮೊದಲೇ ಕಣ್ಣು ಮುಚ್ತೀಯ. ಇನ್ನು ಈ ಮೂರು, ಒಂದಕ್ಕೊಂದು ಸಂಬಂಧವೇ ಇಲ್ಲ. ಮದ್ದು ಒಂದೊಂದರಲ್ಲಿ ಒಂದೊಂದು ಥರ. ಕಣ್ಣು ಮುಚ್ಚಿ ಹೇಳಬಲ್ಲೆ, ಇದು ಅಂಗಡಿ ತೋಟಾ. ಇಂಥ ತೋಟಾ, ಇಂಥ ಕೈ ಸೇರಿದ್ರೆ ಜಿಂಕೆ ಮುಪ್ಪಾಗಿ ಸಾಯುತ್ತೆ."

"ಅಷ್ಟು ಕೆಟ್ಟದಾಗಿದೆಯಾ?" ಎಂದು ಆವಿಸ್ ಕನಿಕರದಿಂದ ಕೇಳಿದರು.

"ಇದನ್ನ ಹೊಡೆದವನು ಕೋವಿ ಮಾರಿ ಗಾಳ ಕೊಂಡ್ಕೋಬೇಕು, ಆವಿಸ್."

ಡೆಸ್ ತಲೆ ಕೆರೆದುಕೊಂಡ. "ಅದೆಲ್ಲ ಸರಿ ಮರ್ವ್. ನನಗೆ ಅರ್ಥವಾಗದ್ದು ಒಂದೇ. ತೂತು ಯಾಕೆ ಇಷ್ಟು ಸಣ್ಣ?" ಕೋಟಿನ ಜೇಬಿಗೆ ಕೈಹಾಕಿ, ಉಳಿದಿದ್ದ ಒಂದು ತೋಟಾ ತೆಗೆದು ಮೂತಿಯನ್ನು ತೂತಿಗಿಟ್ಟ. ಒಳಗೆ ಹೋಗಲಿಲ್ಲ. ಇನ್ನೊಂದಕ್ಕಿಟ್ಟ. ಅದರಲ್ಲೂ ಹೋಗಲಿಲ್ಲ. "ನೋಡು, ನನ್ನ ಗುಂಡು ನಿಂದಕ್ಕಿಂತ ದಪ್ಪ. ಹಿಡಿಸ್ತಾನೇ ಇಲ್ಲ. ಚಳಿಗೆ ಗುಂಡು ಸೊರಗುತ್ತಾ?"

ನೋಲೀನ್ ಮೆಲ್ಲಗೆ ಎದ್ದು ಗೋಡೆಯ ಚೌಕಟ್ಟನ್ನು ಇಳಿಸಿ, ಗಾಜು ತೆಗೆದು, "ಇದಕ್ಕಿಡು ಡೆಸ್," ಎಂದಳು.

ಡೆಸ್ ಹರಕು ತೂತಿನ ಅಂಚಿನ ದುಂಡಗಿನ ಭಾಗಕ್ಕೆ ಮೂತಿ ಇಟ್ಟ. ಹೇಳಿ ಮಾಡಿಸಿದ ಹಾಗೆ ಕೂತಿತು.

"ಅರೆ! ಇದು ನಂದು!" ಎಂದು ಡೆಸ್ ಕೂಗಿದ ಸದ್ದಿಗೆ ಹೊರಗೆ ನಾಯಿಗಳು ಎದ್ದು ನಿಂತವು. "ನೀನೇ ತಾನೆ ಹೇಳಿದ್ದು, ನಾನು ಹೊಡೆಯೋದರ ಪಕ್ಕದ್ದು ನಿಂದು ಅಂತ? ನೀನು ತುದೀದಕ್ಕೆ ಹೊಡೀತಿದ್ದೆ, ಅದರ ಹಿಂದೆ ಧೂಳು ಎದ್ದಿದ್ದು ಕಂಡೆ. ನಾನು ಅದರ ಪಕ್ಕದ್ದಕ್ಕೆ ಹೊಡೆದೆ!"

"ಅಂಕಿ ಇರಲಿಲ್ವಾ?" ಎಂದಳು ನೋಲೀನ್.

"ಇತ್ತು. ಇವನೇ ಮುಚ್ಚಿದ, ಏಕಾಗ್ರತೆ ಹಾಳಾಗುತ್ತೆ ಅಂತ."

ನೋಲೀನ್ ನಗಲಿಲ್ಲ, ಅದೇ ಭಯಂಕರ. ಡೆಸ್ ತಂದಿದ್ದ ಹಾಳೆಯ ಮೇಲೆ ಚಹಾದ ಸಾಸರ್ ಬೋರಲಿಟ್ಟು ನೋಡಿದಳು. ಒಂದು ತೂತು ಹೊರಗೇ ಉಳಿಯಿತು. "ಹೌದು ಮರ್ವಿನ್, ಇದನ್ನ ಹೊಡೆದವನು ಏನು ಕೊಂಡ್ಕೋಬೇಕು ಅಂದೆ?"

ಊಟವಾದ ಮೇಲೆ ಸ್ಥಳಾಂತರ ಶುರುವಾಯಿತು. ಕಬ್ಬಿಣದ ಒತ್ತುಯಂತ್ರವಿದ್ದ ಮೇಜನ್ನು ಒಂದು ಕಡೆ ಮರ್ವಿನ್, ಇನ್ನೊಂದು ಕಡೆ ಡೆಸ್ ಹಿಡಿದುಕೊಂಡು ಹಿತ್ತಲು ದಾಟಿದರು. ಬಿಸಿಲು ಕೋಣೆಯ ಕಿಟಕಿಯಲ್ಲಿ ನೋಲೀನ್ ಹಾಸಿಗೆ ಒದರುತ್ತಿದ್ದಳು, ಆವಿಸ್ ಕುರ್ಚಿಯಲ್ಲಿ ಬಿಸಿಲಿಗೆ ಕಾಲು ಚಾಚಿದ್ದರು. ತಗಡಿನ ಕೋಣೆಯಲ್ಲಿ ಗಾಳಿ ಶಿಳ್ಳೆ ಹಾಕುತ್ತಿತ್ತು. ಮೇಜು ಇಳಿಸಿ ತಕ್ಕಡಿ ಇಟ್ಟರೆ, ಅದು ಜಾತ್ರೆಯ ತೊಟ್ಟಿಲಿನ ಹಾಗೆ ತೂಗಾಡತೊಡಗಿತು. ಮರ್ವಿನ್ ಗಾಳಿಗೆ ಕೈ ಅಡ್ಡ ಹಿಡಿದು ನೋಡಿದ, ತಕ್ಕಡಿ ನಿಲ್ಲಲಿಲ್ಲ. ನಾಡಿದ್ದು ಜಿಂಕೆ ಬೇಟೆ. ತನ್ನ ತೋಟಾಗಳ ಯೋಗ್ಯತೆ ಏನೆಂದು ಈಗ ತಾನೇ ಸ್ವಂತ ಬಾಯಿಂದ, ಸಾಕ್ಷಿಗಳ ಸಮೇತ, ಹೇಳಿಯಾಗಿದೆ.

ಬಾಗಿಲ ಹೊರಗೆ ಇಣುಕಿ ನೋಡಿದ. ಡೆಸ್‌ನ ತೋಳು ಹಿಡಿದು ಹತ್ತಿರಕ್ಕೆಳೆದುಕೊಂಡು, ಪಾಪ ಒಪ್ಪಿಕೊಳ್ಳುವವನ ದನಿಯಲ್ಲಿ ಪಿಸುಗುಟ್ಟಿದ: "ಡೆಸ್... ಆ ಡಬ್ಬಿ ಯಾವ ಅಂಗಡೀದು? ನನ್ನ ಕೋವಿ ಅಳತೇದೂ ಸಿಗುತ್ತಾ?"

"ಏನಂದೆ?" ಎಂದು ಡೆಸ್ ಕೂಗಿದ. "ಅಂಗಡಿ ತೋಟಾನಾ? ನಿಂಗಾ? ಸಿಗುತ್ತೆ ಮಾರಾಯ! ಗಂಬೂಟು ಇಟ್ಟಿರ್ತಾರಲ್ಲ, ಅದರ ಪಕ್ಕದಲ್ಲೇ ಇದೆ!"

ಬಿಸಿಲು ಕೋಣೆಯಲ್ಲಿ ಹಾಸಿಗೆ ಒದರುವ ಸದ್ದು ನಿಂತಿತು. ಆಮೇಲೆ ತೆರೆದ ಕಿಟಕಿಯಿಂದ ಅತ್ತೆಯ ಕನಿಕರ ತುಂಬಿದ ದನಿ ಹಿತ್ತಲಿಗೆಲ್ಲ ಕೇಳಿಸಿತು:

"ನೋಲೀನ್, ನಾಳೆ ಪೇಟೆಗೆ ಹೋದಾಗ ಅವನಿಗೂ ಒಂದು ಡಬ್ಬಿ ತಂದುಕೊಡೆ, ಪಾಪ. ಗಂಡಸು, ತಾನೇ ಹೋಗಿ ಕೇಳೋಕೆ ನಾಚ್ಕೊತಾನೆ."